ಹೆಂಗಸಿಲ್ಲದ ಮನೆ

ಮಗಳ ಶಾಲೆಯಲ್ಲಿ ಪಾಲಕರಿಗೆ ಬುದ್ಧಿ ಹೇಳಲು ಒಬ್ಬ ಮಹಾನುಭಾವ ಬಂದಿದ್ದ. ಬೆಳಿಗ್ಗೆ ಎದ್ದು ಕನ್ನಡಿ ನೋಡಿ 'ನಾನು ಒಳ್ಳೆಯ ತಂದೆ' ಎಂದು ಹೇಳಿಕೊಳ್ಳಬೇಕಂತೆ, ಆತ್ಮವಿಶ್ವಾಸ ತಾನಾಗಿಯೇ ಬರುತ್ತದಂತೆ. ಹೇಳುವವನಿಗೇನು ಹೋಗುತ್ತದೆ! ಬೆಳಿಗ್ಗೆ ನನ್ನ ಮನೆಗೆ ಬಂದು ನೋಡಲಿ. ಒಂದು ಕಡೆ ದೋಸೆ ಸೀಯುತ್ತದೆ, ಇನ್ನೊಂದು ಕಡೆ ಮಗಳ ಜಡೆ ಸೊಟ್ಟಗಾಗುತ್ತದೆ, ಅಷ್ಟರಲ್ಲಿ ಅವಳು ಶಾಲೆಗೆ ಹೋಗುವ ಸಿದ್ದಾಪುರದ ಬಸ್ಸು ಹೋಗಿರುತ್ತದೆ. ಹೆಂಡತಿ ತೀರಿಕೊಂಡಾಗಿನಿಂದ ಇದೇ ಪಾಡು.

ಅವನನ್ನು ಮೀರಿಸಿದ ಪಂಡಿತೆ ನನ್ನ ಅಕ್ಕ ತನುಜಾ. ಭೂಮಿ ಹುಣ್ಣಿಮೆಗೆಂದು ಯಲ್ಲಾಪುರದಿಂದ ಬಂದವಳು ಚೀಲ ಇಳಿಸುವ ಮೊದಲೇ ತೀರ್ಪು ಕೊಟ್ಟಳು.

“ಉದಯ, ಹಬ್ಬ ಮುಗಿದ್ಮೇಲೆ ಅನುಶ್ರೀನ ನಾ ಕರ್ಕೊಂಡು ಹೋಗ್ತೆ. ಹೆಂಗಸಿಲ್ಲದ ಮನೇಲಿ ಹೆಣ್ಣು ಹುಡುಗಿ ಬೆಳೆಯೂದಂದ್ರೆ ಎಂತ?”

ನಾನು ಅವಳ ಚೀಲ ತೆಗೆದುಕೊಂಡು ಒಳಗಿಟ್ಟೆ. ನಿಜಕ್ಕೂ ಹೆದರಿಕೆಯಾಗಿತ್ತು. ಅವಳು ಹೇಳುವುದೇ ಸರಿಯೇನೋ ಎಂಬ ಅನುಮಾನ ನನಗೂ ಇತ್ತು. ಮಗಳೇ ಹೋದರೆ ಈ ಮನೆಯಲ್ಲಿ ನನಗೇನು ಕೆಲಸ?

ಹಬ್ಬಕ್ಕೆ ಭೂಮಣ್ಣಿ ಬುಟ್ಟಿ ಬೇಕಲ್ಲ. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಗದ್ದೆಗೆ ಹೊತ್ತೊಯ್ಯುವ ಬುಟ್ಟಿ ಅದು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುವವರು ಹೆಂಗಸರು. ಈ ಸಲ ನಾನೇ ಬರೆದಿದ್ದೆ. ಬೈಕು ರಿಪೇರಿ ಮಾಡುವ ಕೈ ನನ್ನದು, ತಾಳ್ಮೆಯೂ ಅಷ್ಟೇ. ಕೆಮ್ಮಣ್ಣು ಒಣಗುವ ತನಕ ಕಾಯದೆ ಗೀಚಿದ್ದಕ್ಕೆ ಭತ್ತದ ಸಸಿಗಳೆಲ್ಲ ಕಲಸಿಹೋಗಿದ್ದವು.

“ಥೂ, ಇದೆಂತ ಮಾರಾಯ, ಕೋಳಿ ಕೆದರಿದ ಹಾಂಗೆ!” ಅಕ್ಕ ಬಿದ್ದು ಬಿದ್ದು ನಕ್ಕಳು. ಆಮೇಲೆ ಅನುಶ್ರೀ ಎದುರೇ ಕೇಳಿದಳು: “ಬುಟ್ಟಿ ಹಾಳಾಗ್ಲಿ. ಹನ್ನೆರಡು ತುಂಬ್ತು ಇವಳಿಗೆ. ನಾಳೆ ದೊಡ್ಡವಳಾದ್ರೆ ನೀ ಎಂತ ಮಾಡ್ತೀಯ? ಗಂಡಸು ನೀನು!”

ಸೊಪ್ಪು ಬಿಡಿಸುತ್ತಿದ್ದ ಮಗಳು ತಲೆ ಎತ್ತದೆ ಹೇಳಿದಳು:

“ಆಗಿ ಎರಡು ತಿಂಗ್ಳಾತು ಅತ್ತೆ.”

ಅಕ್ಕ ನನ್ನತ್ತ ತಿರುಗಿದಳು.

“ಅಪ್ಪ ಮೆಡಿಕಲ್ ಶಾಪಿಗೆ ಓಡಿಹೋಗಿ ಮೊದ್ಲು ಮುದುಕರ ಡೈಪರ್ ತಂದಿದ್ದ. ಬೈದು ವಾಪಸ್ ಕಳ್ಸಿದೆ. ಆಮೇಲೆ ಸರಿಯಾದ್ದು ತಂದ. ಹೊಟ್ಟೆನೋವು ಅಂದಿದ್ದಕ್ಕೆ ಬಿಸಿನೀರು ಕಾಸಿಕೊಟ್ಟ. ಗ್ಯಾರೇಜಿಗೆ ಹೋಗದೆ ಪಕ್ಕದಲ್ಲೇ ಕೂತಿದ್ದ.”

“ಅಯ್ಯೋ ಶಿವನೇ! ಸೋದರತ್ತೆ ನಾನು, ನನಗೊಂದು ಮಾತು ಹೇಳ್ಲಿಲ್ಲ? ಆರತಿ ಇಲ್ಲ, ಸೀರೆ ಇಲ್ಲ! ಊರವರು ಕೇಳಿದ್ರೆ ಎಂತ ಹೇಳೂದು?”

ಊರವರಂತೆ! ಅವತ್ತು ಊರವರು ಬಂದು ಬಿಸಿನೀರು ಕಾಸಿಕೊಟ್ಟರೇ? ನನಗೆ ಮೈಯೆಲ್ಲ ಉರಿದುಹೋಯಿತು.

“ಯಾರಿಗೂ ಹೇಳಬೇಡ ಅಂದಿದ್ದು ಅವಳು. ನಾ ಹೇಳ್ಲಿಲ್ಲ,” ಎಂದೆ. “ಅನು ಎಲ್ಲಿಗೂ ಬರೂದಿಲ್ಲ ಅಕ್ಕ. ಅವಳ ಅಪ್ಪ ಇಲ್ಲೇ ಇದ್ದಾನೆ.”