ಆಸ್ಬಿಯನ್ನು ಬಿಟ್ಟುಕೊಟ್ಟ ಕಥೆ

ನೋಡಿ, ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ಶೆಬಾಯ್ಗನ್ ಊರಿನಲ್ಲಿ ಬ್ರೋಡಿ ಟೆಶ್‌ನಷ್ಟು ದೊಡ್ಡ ಮನಸ್ಸಿನವನು ಇನ್ನೊಬ್ಬ ಹುಟ್ಟಿಲ್ಲ. ಗೆಲುವು ಅವನ ಅಂಗೈಯಲ್ಲೇ ಇತ್ತು. ಆಸ್ಬಿಯಂಥ ಓಟಗಾರ ತಾನಾಗಿ ಬಾಗಿಲಿಗೆ ಬಂದು ನಿಂತಿದ್ದ. ಅಂಥವನನ್ನು ಎಂಬತ್ತೊಂದು ವರ್ಷದ ಅಜ್ಜಿಗೋಸ್ಕರ ಬಿಟ್ಟುಕೊಟ್ಟು, ಒಂದಿಡೀ ವರ್ಷ ಚಿಳ್ಳೆಪಿಳ್ಳೆಗಳ ಮೇಜಿನಲ್ಲಿ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಊಟ ಮಾಡಲು ಒಪ್ಪಿದ ಗಂಡು ಅವನು. ನಿಮ್ಮ ಕಡೆ ಇಂಥವನೊಬ್ಬನಿದ್ದರೆ ತೋರಿಸಿ, ಮೀಸೆ ಬೋಳಿಸುತ್ತೇನೆ. ಇನ್ನೂ ಸರಿಯಾಗಿ ಮೂಡಿಲ್ಲ, ಮೂಡಿದ ಮೇಲೆ ಬೋಳಿಸುತ್ತೇನೆ.

ಟೆಶ್ ಮನೆತನದಲ್ಲಿ ಹತ್ತು ಜನ ಸೇರಿ ಫ್ಯಾಂಟಸಿ ಫುಟ್‌ಬಾಲ್ ಆಡುತ್ತಾರೆ. ಆಡುತ್ತಾರೆ ಅಂದರೆ ಯಾರೂ ಸೋಫಾ ಬಿಟ್ಟು ಏಳುವುದಿಲ್ಲ. ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ನಿಜವಾದ ಆಟಗಾರರನ್ನು ಆಗಸ್ಟ್‌ನಲ್ಲೇ ತಮ್ಮತಮ್ಮಲ್ಲಿ ಹಂಚಿಕೊಂಡಿರುತ್ತಾರೆ. ಅವನು ಅಲ್ಲಿ ಓಡಿದರೆ ಇವರಿಗೆ ಇಲ್ಲಿ ಅಂಕ. ವಾರಕ್ಕೊಬ್ಬರ ಮೇಲೆ ಪಂದ್ಯ. ತೀರಿಕೊಂಡ ಅಜ್ಜ ಪೆನ್ಸಿಲ್ಲು ನೋಟ್‌ಬುಕ್ಕು ಹಿಡಿದು ಶುರು ಮಾಡಿದ್ದು ಈಗ ಫೋನಿಗೆ ಬಂದಿದೆ, ಆದರೆ ಅಜ್ಜ ಮಾಡಿದ ಒಂದು ಕಟ್ಟಳೆ ಅಲ್ಲಾಡಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರಕ್ಕೆ, ಅಂದರೆ ನವೆಂಬರ್ ಕೊನೆಗೆ, ಲೆಕ್ಕ ಮುಗಿಯುತ್ತದೆ. ಕೊನೆಯ ಸ್ಥಾನಕ್ಕೆ ಬಿದ್ದವರು ಕ್ರಿಸ್‌ಮಸ್‌ನಿಂದ ಹಿಡಿದು ಮುಂದಿನ ಒಂದು ವರ್ಷ ಪ್ರತಿ ಹಬ್ಬಕ್ಕೂ ಮಕ್ಕಳ ಮೇಜಿನಲ್ಲಿ ಕೂರಬೇಕು. ಇಸ್ಪೀಟು ಮೇಜು, ಪ್ಲಾಸ್ಟಿಕ್ ಲೋಟ, ಮುಚ್ಚಳಕ್ಕೆ ಸ್ಟ್ರಾ.

ಬ್ರೋಡಿ ಎರಡು ವರ್ಷದಿಂದ ಅಲ್ಲೇ ಇದ್ದ. ವಯಸ್ಸು ಇಪ್ಪತ್ತನಾಲ್ಕು, ಟೈರ್ ಅಂಗಡಿಯಲ್ಲಿ ಕೆಲಸ. ಇದುವರೆಗೆ ಅವನಿಗೆ ನಾಚಿಕೆಯೇನೂ ಆಗಿರಲಿಲ್ಲ. ಸ್ಟ್ರಾದಲ್ಲಿ ಗುಳ್ಳೆ ಊದುತ್ತ, ಮಕ್ಕಳ ತಟ್ಟೆಗೆ ರಬ್ಬರ್ ಜೇಡ ಹಾಕುತ್ತ ಸುಖವಾಗಿಯೇ ಇದ್ದ. ಆದರೆ ಈ ಕ್ರಿಸ್‌ಮಸ್‌ಗೆ ಮಿಲ್ವಾಕಿಯಿಂದ ಅವನ ಹುಡುಗಿ ಮರಿಸೋಲ್ ಬರುವವಳಿದ್ದಳು. ಮೊದಲ ಸಲ. ಅವಳ ಮುಂದೆ ಬ್ರೋಡಿ ಎಂಟು ತಿಂಗಳಿಂದ ಹೀರೋ ಪಾತ್ರ ಮಾಡಿಕೊಂಡು ಬಂದಿದ್ದ. ಹೀರೋ ಸ್ಟ್ರಾದಲ್ಲಿ ಹಾಲು ಕುಡಿಯುವ ಸಿನಿಮಾ ಯಾರೂ ತೆಗೆದಿಲ್ಲ.

ಕೊನೆಯ ವಾರ ಬಂದಾಗ ತಳದಲ್ಲಿ ಇಬ್ಬರು: ಬ್ರೋಡಿ, ಅವನ ಅತ್ತೆ ಮಗಳು ಕೆಲ್ಸಿ. ಈ ವಾರ ಬ್ರೋಡಿ ಗೆದ್ದರೆ ಕೆಲ್ಸಿ ಮಕ್ಕಳ ಮೇಜಿಗೆ. ಸೋತರೆ ಅವನೇ. ಎದುರಾಳಿ ಅಜ್ಜಿ ಆರ್ಡಿಸ್. ಅಜ್ಜಿ ಐದನೇ ಸ್ಥಾನದಲ್ಲಿ ಹಾಯಾಗಿದ್ದರು. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ.

ಬ್ರೋಡಿಗೆ ಇದ್ದ ತಾಪತ್ರಯ ಒಂದೇ, ಓಟಗಾರರು. ಚೆಂಡನ್ನು ಬಗಲಲ್ಲಿಟ್ಟುಕೊಂಡು ಗೋಡೆಯಂಥ ಜನರ ಮಧ್ಯೆ ನುಗ್ಗುವ ರನ್ನಿಂಗ್ ಬ್ಯಾಕ್‌ಗಳ ಹಣೆಬರಹವೇ ಹಾಗೆ, ಸೆಪ್ಟೆಂಬರ್‌ನಲ್ಲಿ ಕುದುರೆ, ನವೆಂಬರ್‌ನಲ್ಲಿ ಕುಂಟು. ಅವನ ಇಬ್ಬರಲ್ಲಿ ಒಬ್ಬನ ಪಕ್ಕೆಲುಬು ಮುರಿದಿತ್ತು, ಇನ್ನೊಬ್ಬನ ಕಾಲ್ಬೆರಳು. ಅಜ್ಜಿಯ ಹತ್ತಿರ ಮೂವರಿದ್ದರು, ಮೂವರೂ ಗಟ್ಟಿ. ಅದರಲ್ಲೂ ಡಾಂಟ್ರೆಲ್ ಆಸ್ಬಿ ಅಂದರೆ ಬ್ರೇಕಿಲ್ಲದ ಲಾರಿ.

ಮಂಗಳವಾರ ಸಂಜೆ ಬ್ರೋಡಿ ಅಜ್ಜಿಯ ಕಾರಿಗೆ ಹಿಮದ ಟೈರು ಹಾಕಲು ಹೋಗಿದ್ದ. ಮೂರನೇ ಚಕ್ರದ ನಟ್ಟು ಬಿಗಿಯುವಾಗ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಚೆಂಡು ಹಿಡಿಯುವ ಅವನ ಆಟಗಾರ ಕಿಪ್ ಲ್ಯಾಥ್ರಪ್, ತಂಡದಲ್ಲಿ ಉಳಿದಿದ್ದ ಒಂದೇ ಒಂದು ರತ್ನ, ಅಭ್ಯಾಸದಲ್ಲಿ ಮೊಣಕಾಲು ಹಿಡಿದುಕೊಂಡು ಕುಂಟುತ್ತ ಹೊರಗೆ ಹೋದ ಎಂದು ಯಾವನೋ ವರದಿಗಾರ ಬರೆದಿದ್ದ. ಬರೆದು ನಾಲ್ಕು ನಿಮಿಷವಾಗಿತ್ತು. ಇನ್ನರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಗುತ್ತದೆ.

ಬ್ರೋಡಿ ನಾಲ್ಕನೇ ಚಕ್ರ ಹಾಕದೆ ಅಡುಗೆಮನೆಗೆ ನುಗ್ಗಿದ.

ಅಜ್ಜಿ ಕುಂಬಳಕಾಯಿ ಪೈಗೆ ಹಿಟ್ಟು ಲಟ್ಟಿಸುತ್ತಿದ್ದರು. ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟ ಟ್ಯಾಬ್ಲೆಟ್‌ನಲ್ಲಿ ಅವರ ತಂಡ.

"ಅಜ್ಜಿ, ನಿಮಗೊಂದು ಗಿಫ್ಟ್ ಕೊಡೋಣ ಅಂತ."

"ಕೈ ತೊಳ್ಕೊ ಮೊದ್ಲು."

"ಲ್ಯಾಥ್ರಪ್‌ನ ತಗೊಳ್ಳಿ. ನನಗೆ ಆಸ್ಬಿ ಕೊಡಿ."

ಅಜ್ಜಿ ಲಟ್ಟಣಿಗೆ ನಿಲ್ಲಿಸಿದರು. "ಲ್ಯಾಥ್ರಪ್‌ನ? ಅವನೇ ಅಲ್ವೇನೋ ನಿನ್ನ ಜೀವ?"

"ಜೀವಾನೇ ಕೊಡ್ತಿದ್ದೀನಿ ಅಜ್ಜಿ. ಬ್ರೋಡಿ ಕೊಡೋಕೆ ನಿಂತ್ರೆ ಅಳತೆ ಇಲ್ಲ, ತಗೊಳ್ಳೋಕೆ ನಿಂತ್ರೆ ಅವಸರ ಇಲ್ಲ."

"ಅವಸರ ಇಲ್ದಿದ್ರೆ ಯಾಕೆ ಕಾಲು ಕುಣಿಸ್ತಿದ್ದೀಯ?"

ಬ್ರೋಡಿ ಕಾಲು ನಿಲ್ಲಿಸಿದ. ಅದು ತಾನಾಗಿ ಮತ್ತೆ ಶುರುವಾಯಿತು.

"ಮೈ ಕೈ ಎಲ್ಲ ನೆಟ್ಟಗಿದ್ದಾನಾ ಅವ್ನು?" ಅಜ್ಜಿ ಕೇಳಿದರು. ಕೇಳುವಾಗ ಹಿಟ್ಟು ನೋಡಲಿಲ್ಲ, ಬ್ರೋಡಿಯ ಮುಖವನ್ನೇ ನೋಡಿದರು.

"ಕಲ್ಲುಗುಂಡು."

ಅಜ್ಜಿ ಏಪ್ರನ್‌ಗೆ ಬೆರಳೊರೆಸಿ ಪರದೆ ಒತ್ತಿದರು. ಗೋಡೆ ಗಡಿಯಾರದಲ್ಲಿ ಆರೂ ಇಪ್ಪತ್ತು. ಬ್ರೋಡಿ ಹೊರಗೆ ಬಂದು, ನಾಲ್ಕನೇ ಚಕ್ರದ ಮುಂದೆ ಕೂತು, ಸ್ಪ್ಯಾನರನ್ನು ಮೈಕಿನಂತೆ ಹಿಡಿದು ಯಾರೂ ಇಲ್ಲದ ಅಂಗಳಕ್ಕೆ ಹೇಳಿದ, "ಬಾಗಿಲು ನಾನು ತಟ್ಟಲ್ಲ. ಬಾಗಿಲೇ ಬಂದು ನನ್ನ ತಟ್ಟುತ್ತೆ."

ಆದರೆ ಒತ್ತಿದ ಕೂಡಲೇ ಕೈಬದಲು ಆಗುವುದಿಲ್ಲ. ಎರಡು ಪೂರ್ತಿ ದಿನ ಉಳಿದವರಿಗೆ ತಕರಾರು ಹೇಳಲು ಅವಕಾಶ. ನಾಲ್ಕು ತಕರಾರು ಬಿದ್ದರೆ ವ್ಯವಹಾರ ರದ್ದು. ಅರ್ಧ ಗಂಟೆಯಲ್ಲಿ ಆಟದ ಉಸ್ತುವಾರಿ ಲೋರ್ನಾ ಅತ್ತೆಯ ಸಂದೇಶ ಬಂತು: "ಆಸ್ಬಿ, ಲ್ಯಾಥ್ರಪ್ ಅದಲು ಬದಲು. ತಕರಾರಿದ್ದವರು ಗುರುವಾರ ಸಂಜೆ ಆರೂ ಇಪ್ಪತ್ತರೊಳಗೆ ಹೇಳಿ."

ಕೆಲ್ಸಿ ಬರೆದಳು: "ಎಂಬತ್ತೊಂದು ವರ್ಷದವರ ಕಿಸೆಗೆ ಕೈ ಹಾಕಿದ್ಯಲ್ಲೋ. ಹಲ್ಸೆಟ್ಟಾದ್ರೂ ಬಿಟ್ಯಾ?" ಅದರ ಕೆಳಗೆ ಅವಳದ್ದೇ ಮೊದಲ ತಕರಾರು.

ಬುಧವಾರ ಬೆಳಿಗ್ಗೆ ಎರಡನೆಯದು ಬಿತ್ತು. ಬ್ರೋಡಿ ಅಂಗಡಿಯಲ್ಲಿ ಒಂದು ಟೈರಿಗೆ ಗಾಳಿ ತುಂಬಿ ಒಮ್ಮೆ ಫೋನ್ ನೋಡಿದ, ಮುಚ್ಚಳ ಹಾಕಿ ಮತ್ತೊಮ್ಮೆ ನೋಡಿದ. ಮಧ್ಯಾಹ್ನ ಮೂರನೆಯದು. ಸ್ಯಾಂಡ್‌ವಿಚ್ ಅರ್ಧಕ್ಕೇ ಬಿಟ್ಟ. ಇನ್ನೊಂದು ಬಿದ್ದರೆ ಮುಗಿಯಿತು. ಒಬ್ಬ ಗಿರಾಕಿಯ ಎಡಗಡೆ ಚಕ್ರ ಬಲಗಡೆ ಹೋಯಿತು, ಯಜಮಾನ ಬಂದು, "ಏನಪ್ಪಾ ಹೀರೋ, ಹೆರಿಗೆ ವಾರ್ಡ್ ಮುಂದೆ ನಿಂತಿದ್ದೀಯಾ?" ಎಂದ. ಸಂಜೆಯವರೆಗೆ ನಾಲ್ಕನೆಯದು ಬೀಳಲಿಲ್ಲ. ಯಾಕೆ ಬೀಳಲಿಲ್ಲ ಎಂದು ಬ್ರೋಡಿ ಯೋಚಿಸಲೂ ಇಲ್ಲ. ಅವನ ಲೆಕ್ಕ ಪಕ್ಕಾ ಇತ್ತು: ಗುರುವಾರದ ಪಂದ್ಯ ಏಳೂಕಾಲಿಗೆ ಶುರು, ಆರೂ ಇಪ್ಪತ್ತಕ್ಕೆ ಆಸ್ಬಿ ನನ್ನವನು. ವರ್ಷವಿಡೀ ಅವನು ಮಂಗಳವಾರ ಸಂಜೆಯೇ ವ್ಯಾಪಾರ ಮಾಡಿದವನು. ಒಮ್ಮೆಯೂ ತಪ್ಪಿರಲಿಲ್ಲ.

ಗುರುವಾರ ಥ್ಯಾಂಕ್ಸ್‌ಗಿವಿಂಗ್. ಅಜ್ಜಿಯ ಮನೆಯಲ್ಲಿ ಇಪ್ಪತ್ತೆರಡು ಜನ, ಒಲೆಯೊಳಗೆ ಟರ್ಕಿ ಕೋಳಿ, ಕಿಟಕಿಗೆಲ್ಲ ಆವಿ. ಅತ್ತೆಯ ಗಂಡ ವರ್ಲಿನ್ ಮಾವ ಬೆಳಗಿನ ಜಿಂಕೆ ಬೇಟೆ ಮುಗಿಸಿ ಬರಿಗೈಲಿ ಬಂದು, ಕಿತ್ತಳೆ ಬಣ್ಣದ ಕೋಟು ಬಿಚ್ಚದೆ ಟಿವಿ ಮುಂದೆ ಕುಸಿದಿದ್ದರು. ಬ್ರೋಡಿ ಚೀಸ್ ತುಣುಕು ಬಾಯಿಗೆಸೆದುಕೊಳ್ಳುತ್ತ ಪಕ್ಕದಲ್ಲಿ ಕೂತ.

"ಆಸ್ಬಿ ಮೈ ಬಿಸಿ ಮಾಡ್ಕೊಳ್ತಿದ್ದಾನೆ ನೋಡು," ಮಾವ ಹೇಳಿದರು.

"ನನ್ನ ಹುಡುಗ ಮಾವ."

"ಇವತ್ತು ಅಲ್ಲ."

"ಇವತ್ತೇ. ಆರೂ ಇಪ್ಪತ್ತಕ್ಕೆ ನನ್ನ ಕೈಗೆ."

ಮಾವ ಅವನ ಕಡೆ ಪೂರ್ತಿ ತಿರುಗಿದರು. "ಆಟ ಹನ್ನೊಂದೂವರೆಗೆ ಕಣೋ. ಥ್ಯಾಂಕ್ಸ್‌ಗಿವಿಂಗ್ ದಿನ ಆಟ ಹಗಲಲ್ಲೇ ಅಲ್ವಾ. ಹುಟ್ಟಿದಾಗಿಂದ ನೋಡ್ತಿದ್ದೀಯಲ್ಲಪ್ಪ."

ಚೀಸ್ ತುಣುಕು ಬಾಯಿಗೆ ಬೀಳದೆ ಸೋಫಾದ ಸಂದಿಗೆ ಬಿತ್ತು. ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತೆರಡು. ಹುಟ್ಟಿದಾಗಿನಿಂದ ಈ ದಿನ, ಇದೇ ಸೋಫಾದಲ್ಲಿ, ಟರ್ಕಿ ಬೇಯುವ ವಾಸನೆಯಲ್ಲಿ ಪಂದ್ಯ ನೋಡಿದ್ದವನು, ಆ ವಾಸನೆಯನ್ನೂ ಗುರುವಾರವನ್ನೂ ಜೋಡಿಸಿ ನೋಡಿರಲಿಲ್ಲ. ಪಂದ್ಯ ಶುರುವಾದ ಕ್ಷಣಕ್ಕೆ ಆಟಗಾರ ಯಾರ ತಂಡದಲ್ಲಿ ಇರುತ್ತಾನೋ ಅವರಿಗೇ ಅಂಕ. ಆಸ್ಬಿ ಇನ್ನೂ ಅಜ್ಜಿಯ ಪಟ್ಟಿಯಲ್ಲಿದ್ದ. ಎದುರಾಳಿಯ ಪಟ್ಟಿಯಲ್ಲಿ.

ಲೋರ್ನಾ ಅತ್ತೆ ಗ್ಯಾರೇಜಿನ ಎರಡನೇ ಫ್ರಿಜ್‌ನಿಂದ ಬೆಣ್ಣೆ ತೆಗೆಯುತ್ತಿದ್ದರು. ಬ್ರೋಡಿ ಚಪ್ಪಲಿಯಿಲ್ಲದೆ ಓಡಿ ಬಂದ. ಕಾಂಕ್ರೀಟು ಮಂಜುಗಡ್ಡೆಯಂತಿತ್ತು.

"ಅತ್ತೆ, ಈಗ್ಲೇ ಒತ್ತಿಬಿಡಿ. ಉಸ್ತುವಾರಿ ನೀವು, ನಿಮಗೆ ಆಗುತ್ತೆ."

"ಆಗುತ್ತೆ. ನಿಮ್ಮಜ್ಜಿ ಹೂಂ ಅಂದ್ರೆ."

"ಅತ್ತೆ, ಮರಿಸೋಲ್ ಬರ್ತಾಳೆ. ಆ ಕುರ್ಚಿಗೆ ಬೆನ್ನೂ ಇಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ."

ಬಿದ್ದೇಬಿಟ್ಟ. ಅತ್ತೆ ಬೆಣ್ಣೆ ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. "ಎದ್ದೇಳೋ, ಅಲ್ಲಿ ಎಣ್ಣೆ ಚೆಲ್ಲಿದೆ. ಅಜ್ಜಿನ ಕೇಳು ಹೋಗು."

ಹನ್ನೊಂದೂ ಇಪ್ಪತ್ತೆಂಟು. ಅಜ್ಜಿ ಒಲೆಯ ಬಾಗಿಲು ತೆರೆದು ಟರ್ಕಿಯ ಮೇಲೆ ರಸ ಸುರಿಯುತ್ತಿದ್ದರು.

"ಅಜ್ಜಿ, ಆಸ್ಬಿ. ಈಗ್ಲೇ ಬಿಟ್ಟುಕೊಡ್ತೀರಾ? ಒಂದು ಹೂಂ ಸಾಕು."

"ಸಂಜೆ ಆರೂ ಇಪ್ಪತ್ತಕ್ಕೆ ತಾನಾಗಿ ಬರ್ತಾನಲ್ಲ."

"ಅಷ್ಟೊತ್ತಿಗೆ ಆಟ ಮುಗಿದಿರುತ್ತೆ."

"ಗೊತ್ತು."

"ಮಂಗಳವಾರಾನೇ ಗೊತ್ತಿತ್ತಾ?"

"ನಿಮ್ಮಜ್ಜನ ನಿಯಮ ಎಲ್ಲ ಬರೆದಿಟ್ಟವಳು ನಾನು ಕಣೋ. ಎರಡು ದಿನ ಅಂತ ಬರ್ದಿದ್ದೂ ಈ ಕೈಯೇ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ ಅಜ್ಜಿ?"

ಅಜ್ಜಿ ಇನ್ನೊಂದು ಸಲ ರಸ ಸುರಿದರು. ಕೊಬ್ಬು ಚಟಪಟ ಎಂದಿತು. "ನೀನು ಮೊಣಕಾಲಿನ ವಿಷಯ ನನಗೆ ಹೇಳಿದ್ಯಾ?"

ಬ್ರೋಡಿ ಗೋಡೆ ಗಡಿಯಾರ ನೋಡಿದ. 

"ಆರೂವರೆ ವಾರ್ತೇಲೇ ಬಂತು," ಅಜ್ಜಿ ಹೇಳಿದರು. "ನೀನಿನ್ನೂ ಹೊರಗೆ ನಾಲ್ಕನೇ ಚಕ್ರ ಬಿಗಿತಿದ್ದೆ. ವರ್ಲಿನ್ ನಿನ್ನೆ ನಾಲ್ಕನೇ ತಕರಾರು ಹಾಕ್ತೀನಿ ಅಂತ ಬಂದ. ನಾನೇ ಬೇಡ ಅಂದೆ. ಹುಡುಗ ತಾನೇ ಬಂದು ವಾಪಸ್ ತಗೊಳ್ತಾನೆ, ಒಂದಿನ ತಡಿ ಅಂದೆ."

ಒಳಗಿನಿಂದ ಮಾವನ ಕೂಗು ಬಂತು, ಆಟ ಶುರುವಾಗಿತ್ತು.

"ಒಲೆ ಬಾಗಿಲು ಮುಚ್ಚು," ಅಜ್ಜಿ ಹೇಳಿದರು. "ಬಿಸಿ ಹೋಗ್ತಿದೆ."

ಆಸ್ಬಿ ಅವತ್ತು ಮೂರು ಸಲ ಗೆರೆ ದಾಟಿದ. ಒಂದೊಂದು ಸಲ ದಾಟಿದಾಗಲೂ ಇಡೀ ಮನೆ ಅಜ್ಜಿಗೆ ಚಪ್ಪಾಳೆ ಹೊಡೆಯಿತು. ಬ್ರೋಡಿ ಕೂತ, ಎದ್ದ, ಅಂಗಳಕ್ಕೆ ಹೋಗಿ ಮೂರು ಸುತ್ತು ಹಾಕಿದ, ಒಳಗೆ ಬಂದು ಅಂಕ ನೋಡಿದ, ಮತ್ತೆ ಅಂಗಳಕ್ಕೆ ಹೋದ. ಸೋಮವಾರ ಲೆಕ್ಕ ಮುಗಿದಾಗ ಹತ್ತೊಂಬತ್ತು ಅಂಕದಲ್ಲಿ ಸೋತಿದ್ದ. ಅಂದ ಹಾಗೆ ಗುರುವಾರ ಸಂಜೆ ಆರೂ ಇಪ್ಪತ್ತಕ್ಕೆ ಸರಿಯಾಗಿ ಫೋನ್ ಗುಂಯ್‌ಗುಟ್ಟಿ ತಿಳಿಸಿತ್ತು: ಅಭಿನಂದನೆಗಳು, ಡಾಂಟ್ರೆಲ್ ಆಸ್ಬಿ ಈಗ ನಿಮ್ಮವನು.

ಕ್ರಿಸ್‌ಮಸ್ ದಿನ ಮಿಲ್ವಾಕಿಯಿಂದ ಬರುವ ದಾರಿಯುದ್ದಕ್ಕೂ ಬ್ರೋಡಿ ಮರಿಸೋಲ್‌ಗೆ ಒಂದು ಕಥೆ ಹೇಳಿದ. ನಾನು ಶುರುವಿನಲ್ಲಿ ನಿಮಗೆ ಹೇಳಿದೆನಲ್ಲ, ಅದೇ. ದೊಡ್ಡ ಮನಸ್ಸು, ಅಂಗೈಯಲ್ಲಿದ್ದ ಗೆಲುವು, ಅಜ್ಜಿಗೋಸ್ಕರ ಬಿಟ್ಟುಕೊಟ್ಟಿದ್ದು. ಮರಿಸೋಲ್ ಇಸ್ಪೀಟು ಮೇಜಿನ ಮುಂದೆ, ಬ್ರೋಡಿಯ ಪಕ್ಕ, ಬೆನ್ನಿಲ್ಲದ ಕುರ್ಚಿಯಲ್ಲಿ, ಮುಖದಲ್ಲಿ ಹೆಮ್ಮೆ ಇಟ್ಟುಕೊಂಡೇ ಕೂತಳು. ಅಜ್ಜಿ ಆಲೂಗಡ್ಡೆ ಬಡಿಸಲು ಬಂದಾಗ ಕೇಳಿಯೂ ಬಿಟ್ಟಳು.

"ಇವ್ನು ನಿಮಗೋಸ್ಕರ ಆಸ್ಬಿನ ಬಿಟ್ಟುಕೊಟ್ನಂತೆ, ಹೌದಾ ಅಜ್ಜಿ?"

 ದೊಡ್ಡ ಮೇಜಿನಲ್ಲಿ ಕೆಲ್ಸಿ ಕತ್ತು ಉದ್ದ ಮಾಡಿದಳು.

ಅಜ್ಜಿ ಬ್ರೋಡಿಯ ತಟ್ಟೆಗೆ ಎರಡು ಸೌಟು ಹಾಕಿದರು. "ಹೂಂ ಕಣಮ್ಮ," ಎಂದರು. "ಹಾಗೇ ಆಯ್ತು."

ಅಷ್ಟು ಹೇಳಿ ಹೋಗಿಬಿಟ್ಟರು. ಬ್ರೋಡಿ ಸ್ಟ್ರಾ ಕಚ್ಚಿದ. ಕಾಲು ಮೇಜಿನ ಕೆಳಗೆ ಕುಣಿಯತೊಡಗಿತು, ಮಕ್ಕಳ ಲೋಟಗಳೆಲ್ಲ ಅಲುಗಾಡಿದವು. ಆಲೂಗಡ್ಡೆ ಆರಿತು. ಅಜ್ಜಿ ಬಯ್ದಿದ್ದರೆ ತಿನ್ನಬಹುದಿತ್ತು.

"ಏನಾಯ್ತೋ?" ಮರಿಸೋಲ್ ಕೇಳಿದಳು.

"ಹಾಗಲ್ಲ ಕಣೇ ಆಗಿದ್ದು," ಎಂದ ಬ್ರೋಡಿ.

ಅವನೇ ಒಪ್ಪಿಕೊಂಡ ಮೇಲೆ ನಾನು ಬಚ್ಚಿಟ್ಟು ಏನು ಪ್ರಯೋಜನ. ಬಿಟ್ಟುಕೊಟ್ಟಿದ್ದೂ ಇಲ್ಲ, ದೊಡ್ಡ ಮನಸ್ಸೂ ಇಲ್ಲ. ಕದಿಯಲು ಹೋಗಿದ್ದ, ಗಡಿಯಾರ ನೋಡುವುದನ್ನು ಮರೆತಿದ್ದ.