ನಲವತ್ತೊಂದು ಸಿ ತೀರಿಸಿಕೊಂಡ ಸೇಡು

ನಾನು ಒಂದು ಸೀಟು. ವಿಮಾನದ ಸೀಟು, ಅದೂ ಅಗ್ಗದ ದರ್ಜೆಯದು. ಮುಂದೆ ಪರದೆಯ ಆಚೆ ಕಾಲು ಚಾಚಿ ಮಲಗಿಕೊಂಡು ಹೋಗುವವರ ಸೀಟಿನ ಕಥೆ ಬೇಕಾದವರು ಬೇರೆ ಕಡೆ ವಿಚಾರಿಸಿಕೊಳ್ಳಿ. ನನ್ನ ಹೆಸರು ನಲವತ್ತೊಂದು ಸಿ. ಓಡಾಡುವ ದಾರಿಯ ಪಕ್ಕದವನು. ನಾನು ಮರೆಯುವ ಜಾತಿಯವನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಮೇಲೆ ಕೂತೆದ್ದವರು ಸಾವಿರಾರು ಜನ. ಅವರಲ್ಲಿ ಒಬ್ಬನ ಮೇಲೆ ನನಗೆ ಹಗೆ ಹುಟ್ಟಿತು. ಅದನ್ನು ತೀರಿಸಿಕೊಂಡದ್ದೇ ನಾನು ಬಾಳಿದ ಬಾಳು.

ಹುಟ್ಟಿದ್ದು ದೂರದ ದೇಶದ ಒಂದು ಕಾರ್ಖಾನೆಯಲ್ಲಿ. ಎ, ಬಿ, ಸಿ ಎಂದು ನಾವು ಮೂವರು, ಒಂದೇ ಚೌಕಟ್ಟಿನ ಮೇಲೆ ಒಟ್ಟಿಗೆ ಹುಟ್ಟಿದವರು. ಎ ಕಿಟಕಿಯ ಕಡೆಯವನು, ಸದಾ ಕನಸು ಕಾಣುತ್ತಿದ್ದ. ಬಿ ನಡುವಿನವನು, ಎರಡೂ ಕಡೆಯ ಮೊಣಕೈ ತಿಂದು ತಿಂದು ಮಾತೇ ಬಿಟ್ಟಿದ್ದ. ಸಿಟ್ಟು ಪೂರ್ತಿ ನನ್ನ ಪಾಲಿಗೆ ಬಂತು. ನನಗೆ ಕೊಟ್ಟ ಆಸ್ತಿ ಬಹಳವೇನಿಲ್ಲ: ಹಿಂದಕ್ಕೆ ಒರಗಿಸುವ ಒಂದು ಗುಂಡಿ, ತಗ್ಗಿಸುವ ಒಂದು ತಟ್ಟೆ, ಒಂದು ಬೆಲ್ಟು, ಹೊಟ್ಟೆಯ ಕೆಳಗೆ ಜೀವರಕ್ಷಕ ಅಂಗಿ ಇಡುವ ಒಂದು ಚೀಲ. ಆ ಚೀಲವನ್ನು ನೆನಪಿಟ್ಟುಕೊಳ್ಳಿ.

ಮೊದಲು ನಮ್ಮನ್ನು ಕೊಂಡದ್ದು ಕೊಲ್ಲಿಯ ಕಡೆಯ ಒಂದು ಶ್ರೀಮಂತ ಕಂಪನಿ. ಹೆಸರು ಹೇಳುವುದಿಲ್ಲ, ವಕೀಲರ ಸಹವಾಸ ನನಗೆ ಬೇಡ. ಕೂತ ತಕ್ಷಣ ಬಿಸಿ ಟವಲು, ಖರ್ಜೂರ, ಮೆತ್ತನೆಯ ಕಂಬಳಿ, ಹೊತ್ತುಹೊತ್ತಿಗೆ ಊಟ. ಅಲ್ಲಿ ಜನ ಉಂಡರು, ಕುಡಿದರು, ಕಂಬಳಿಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ಕೊಟ್ಟಷ್ಟೂ ಬೇಡುವವರ ಸಂತೆ ಅದು. ಬೆಂಗಳೂರಿನಿಂದ ಬರುವ ವಿಮಾನದಲ್ಲೇ ನಾನು ಕನ್ನಡ ಕಲಿತೆ. ಬೈಗುಳ ಮೊದಲು ಬಂತು, ಮಿಕ್ಕದ್ದು ಆಮೇಲೆ. ಚಕ್ರ ನೆಲ ಮುಟ್ಟುವ ಮೊದಲೇ ಬೆಲ್ಟು ಬಿಚ್ಚಿ ನಿಲ್ಲುತ್ತಿದ್ದರು, ಎಲ್ಲಿಗೆ ಓಡುತ್ತಾರೋ ನನಗಿನ್ನೂ ಗೊತ್ತಿಲ್ಲ. ಬರಿಗಾಲನ್ನು ಮುಂದಿನವರ ಮೊಣಕೈ ಹತ್ತಿರ ತೂರಿಸುವವರು, ಉದ್ದ ಕೂದಲನ್ನು ಹಿಂದಿನವರ ಟಿವಿಯ ಮೇಲೆ ಇಳಿಬಿಡುವವರು, ಅಗಿದ ಚ್ಯೂಯಿಂಗ್ ಗಮ್ಮನ್ನು ನನ್ನ ಕಂಕುಳಲ್ಲಿ ಅಂಟಿಸುವವರು, ಎಲ್ಲರನ್ನೂ ನೋಡಿದೆ. ಯಾರನ್ನೂ ಸುಮ್ಮನೆ ಬಿಡಲಿಲ್ಲ. ಗಮ್ಮು ಅಂಟಿಸಿದವನ ಸಿನಿಮಾವನ್ನು ಕೊಲೆಗಾರ ಯಾರೆಂದು ತಿಳಿಯುವ ಹೊತ್ತಿಗೆ ನಿಲ್ಲಿಸಿದೆ. ಕಾಲು ತೂರಿಸಿದವಳ ತಟ್ಟೆಯನ್ನು ಸ್ವಲ್ಪವೇ ವಾಲಿಸಿ ಕಾಫಿಯನ್ನು ಮಡಿಲಿಗೆ ಇಳಿಸಿದೆ.

ಇವೆಲ್ಲ ಸಣ್ಣ ಲೆಕ್ಕ, ಅಲ್ಲಿಂದಲ್ಲಿಗೆ ಮುಗಿಯುತ್ತಿತ್ತು. ಮುಗಿಯದ ಲೆಕ್ಕ ಶುರುವಾದದ್ದು ಹಾಲಮ್ಮ ಟೀಚರ್ ಬಂದ ದಿನ.

ದಾವಣಗೆರೆಯವರು. ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿ ನಿವೃತ್ತರಾದವರು. ಸೀರೆಯ ಕೆಳಗೆ ಬಿಳಿ ಬೂಟು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಸೀಟಿ. ಕೆನಡಾದಲ್ಲಿ ವಯಸ್ಸಾದವರ ನಡಿಗೆ ಸ್ಪರ್ಧೆಗೆ ಹೊರಟಿದ್ದರು. ಜಿಲ್ಲೆ ಗೆದ್ದು, ರಾಜ್ಯ ಗೆದ್ದು, ಈಗ ದೇಶದ ಪರವಾಗಿ. ಎಡಗಾಲಲ್ಲಿ ರಕ್ತನಾಳದ ತೊಂದರೆ ಇತ್ತು. ಹೊತ್ತುಹೊತ್ತಿಗೆ ಎದ್ದು ಓಡಾಡಬೇಕು, ಕಾಲು ಚಾಚಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೇ ಹೋಗಲಿಕ್ಕೂ ಬರಲಿಕ್ಕೂ ನನ್ನನ್ನೇ ಆರಿಸಿ, ಹೆಚ್ಚಿಗೆ ಕೊಟ್ಟು ಬುಕ್ ಮಾಡಿದ್ದರು. ಕೂರುವ ಮೊದಲು ನನ್ನ ಕೈಯನ್ನು ತಮ್ಮ ಕರ್ಚೀಫಿನಿಂದ ಒರೆಸಿದರು. ನನ್ನನ್ನು ಹಾಗೆ ಒರೆಸಿದವರು ಅದಕ್ಕೆ ಮೊದಲು ಇರಲಿಲ್ಲ.

ಆಗ ಅವನು ಬಂದ. ಮುರುಗೇಶ್ ಬಳಿಗಾರ್, ಟೈಲ್ಸ್ ವ್ಯಾಪಾರಿ, ದಾವಣಗೆರೆಯವನೇ. ಇವರ ಬಾಯಲ್ಲಿ ಊರಿನ ಹೆಸರು ಕೇಳಿಯೇ ಹತ್ತಿರ ಬಂದದ್ದು. ಅವನ ಸೀಟು ಹಿಂದೆ, ನಲವತ್ತಮೂರು ಇ. ನಾಲ್ಕು ಜನರ ಸಾಲಿನ ನಡುವೆ.

"ಟೀಚರಮ್ಮಾರೇ, ನಾವೂ ನಿಮ್ಮೂರಿನವರೇ. ಒಂಚೂರು ಅಡ್ಜಸ್ಟ್ ಮಾಡ್ಕಂತೀರಾ? ಅಲ್ಲಿ ಕುಂತೋಳು ನಮ್ ಮನೆಯೋಳು. ಉಸಿರಾಟದ ತೊಂದ್ರೆ ಐತಿ. ನಾನು ಪಕ್ಕದಾಗೆ ಇರ್ಬೇಕು" ಎಂದು ದಾರಿಯ ಆಚೆ ನಲವತ್ತೊಂದು ಡಿಯಲ್ಲಿ ಮಲಗಿದ್ದ ಹೆಂಗಸನ್ನು ತೋರಿಸಿದ.

ಆ ಹೆಂಗಸು ಯಾವ ದೇಶದವಳೋ. ತನಗೊಬ್ಬ ಗಂಡ ಸಿಕ್ಕಿದ್ದು ಪಾಪ ಅವಳಿಗೆ ತಿಳಿಯಲೇ ಇಲ್ಲ.

ನಮ್ಮ ಜನಕ್ಕೆ ಒಂದು ಚಟ ಇದೆ. ಯಾರಾದರೂ ಅಡ್ಜಸ್ಟ್ ಎಂದರೆ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಊರಿನವರು, ಅದರಲ್ಲೂ ಹೆಂಡತಿಗೆ ಹುಷಾರಿಲ್ಲ ಎನ್ನುವವರು ಕೇಳಿದರೆ ಮುಗಿಯಿತು. ಹಾಲಮ್ಮ ತಮ್ಮ ಕಾಲಿನ ವಿಷಯ ಬಾಯಿಯವರೆಗೆ ತಂದು ನುಂಗಿಕೊಂಡರು. "ಇರ್ಲಿ ಬಿಡ್ರಿ, ಅವ್ರನ್ನ ನೋಡ್ಕಳ್ರಿ" ಎಂದು ಎದ್ದು ಹಿಂದೆ ಹೋದರು. ಅವನು ಕೂತ, ಬೂಟು ಬಿಚ್ಚಿದ, ನನ್ನ ಗುಂಡಿ ಒತ್ತಿ ಹಿಂದಿನವನ ಎದೆಯ ಮೇಲೆ ಒರಗಿದ.

ಇನ್ನೊಂದು ವಿಷಯ. ಮುಂಚೆಯೇ ಹೇಳಿಟ್ಟ ಊಟ ಮನುಷ್ಯನ ಮುಖ ನೋಡಿ ಬರುವುದಿಲ್ಲ, ಸೀಟಿನ ನಂಬರು ನೋಡಿ ಬರುತ್ತದೆ. ಹಾಲಮ್ಮ ಹೇಳಿಟ್ಟ ಸಸ್ಯಾಹಾರಿ ಊಟ ಎಲ್ಲರಿಗಿಂತ ಮೊದಲೇ ನನ್ನ ಬಳಿ ಬಂತು. ಅವನು ನನ್ನದೇ ಎಂದು ತೆಗೆದುಕೊಂಡು, ಪಲ್ಯ ಸಪ್ಪೆ ಎಂದು ಗೊಣಗುತ್ತಾ ಬಟ್ಟಲು ನೆಕ್ಕಿದ. ನಲವತ್ತಮೂರು ಇಗೆ ಕೋಳಿ ಹೋಯಿತು. ಆ ತಾಯಿ ಬ್ರೆಡ್ಡು ತಿಂದು ಸುಮ್ಮನಾದರು. ಅವರ ಎರಡೂ ಕಡೆ ಭಾರಿ ಆಳುಗಳು ಗೊರಕೆ ಹೊಡೆಯುತ್ತಿದ್ದರು. ಅವರನ್ನು ಎಬ್ಬಿಸಲು ಸಂಕೋಚ. ಎಬ್ಬಿಸುವ ಪ್ರಸಂಗವೇ ಬಾರದಿರಲಿ ಎಂದು ನೀರು ಕುಡಿಯುವುದನ್ನೂ ಬಿಟ್ಟರು. ಕೊಲ್ಲಿಯಿಂದ ಕೆನಡಾದವರೆಗೆ ಹದಿನಾಲ್ಕು ಗಂಟೆ ಹಾಗೆಯೇ ಕೂತರು. ಇಳಿಯುವಾಗ ಎಡಗಾಲು ಬೂಟಿಗೆ ಹಿಡಿಸಲಿಲ್ಲ. ಗಾಲಿಕುರ್ಚಿ ತರಿಸಿದರು. ಬಳಿಗಾರ ಅಷ್ಟರಲ್ಲಿ ಎಲ್ಲರಿಗಿಂತ ಮುಂದೆ ಬಾಗಿಲ ಹತ್ತಿರ ನಿಂತಿದ್ದ.

ಕೆಲವು ವಾರಗಳ ಮೇಲೆ ಅವರು ನನ್ನ ಮೇಲೆಯೇ ಕೂತು ವಾಪಸು ಬಂದರು. ಕಾಲಿಗೆ ಪಟ್ಟಿ, ಕೈಯಲ್ಲಿ ಊರುಗೋಲು. ಎದೆಗೆ ಅಂಟಿಸಿಕೊಳ್ಳುವ ಸ್ಪರ್ಧೆಯ ನಂಬರು ಸುಕ್ಕಿಲ್ಲದೆ ಚೀಲದಲ್ಲೇ ಇತ್ತು. ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆಯಲ್ಲಿ ಮಲಗಿದ್ದರಂತೆ. ಇನ್ನು ಮೇಲೆ ನಡಿಗೆ ಸ್ಪರ್ಧೆ ಎಂಬ ಮಾತೇ ಇಲ್ಲ ಎಂದಿದ್ದರು ಡಾಕ್ಟರು. ಪಕ್ಕದವರು ಕೇಳಿದ್ದಕ್ಕೆ, "ಏನ್ ಮಾಡಕಾಗುತ್ತೆ, ಕೇಳಿದ್ರು, ಕೊಟ್ಟೆ. ಅವ್ರ ಹೆಂಡ್ತಿ ಹುಷಾರಾದ್ರೆ ಸಾಕು" ಎಂದರು.

ಅವರಿಗೆ ಸಿಟ್ಟು ಬರಲಿಲ್ಲ. ಅವರ ಪಾಲಿನದನ್ನೂ ಸೇರಿಸಿ ನಾನೇ ಇಟ್ಟುಕೊಂಡೆ. ನನ್ನ ಪಕ್ಕದ ದಾರಿಯಲ್ಲಿ ನಾಲ್ಕು ಹೆಜ್ಜೆ ಓಡಾಡಿದ್ದರೆ ಉಳಿಯುತ್ತಿದ್ದ ಕಾಲು ಅದು. ಆ ಬಳಿಗಾರ ಇನ್ನೊಮ್ಮೆ ನನ್ನ ಮೇಲೆ ಕೂರಲಿ ಎಂದು ಕಾದೆ.

ವರ್ಷಗಳು ಹೋದವು. ಶ್ರೀಮಂತ ಕಂಪನಿ ನಮ್ಮ ವಿಮಾನವನ್ನು ಯುರೋಪಿನ ಒಂದು ಕಂಪನಿಗೆ ಬಾಡಿಗೆಗೆ ಕೊಟ್ಟಿತು. ಮೈಗೆ ಬೂದು ಬಟ್ಟೆ ಬಂತು, ನಂಬರು ಮಾತ್ರ ಹಾಗೇ ಉಳಿಯಿತು. ಅಲ್ಲಿ ಕಲ್ಲಿನಂಥ ಬನ್ನು, ತಣ್ಣಗಿನ ಸೊಪ್ಪು, ನಗದ ಗಗನಸಖಿಯರು. ಜನ ಮಾತಾಡುತ್ತಿರಲಿಲ್ಲ, ಆದರೆ ಒಳಗೊಳಗೇ ಯುದ್ಧ. ಮುಂದಿನವನು ಒರಗಿದರೆ ಹಿಂದಿನವನು ಬಾಯಿ ಬಿಡದೆ ಮೊಣಕಾಲಿನಿಂದ ಒದೆಯುತ್ತಿದ್ದ. ಕೊಲ್ಲಿಯ ವಿಮಾನದಲ್ಲಿ ಗದ್ದಲವಿದ್ದರೂ ಪಕ್ಕದ ಮಗು ಅತ್ತರೆ ನಾಲ್ಕು ಜನ ಎತ್ತಿಕೊಳ್ಳಲು ಬರುತ್ತಿದ್ದರು. ಇಲ್ಲಿ ನಾಲ್ಕು ಜನ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಯಾವುದು ಮೇಲು ಎಂದು ನನ್ನನ್ನು ಕೇಳಿದರೆ, ಎರಡರಲ್ಲೂ ಬಳಿಗಾರರು ಇದ್ದಾರೆ ಎನ್ನುತ್ತೇನೆ. ಕೆಲವರು ನಕ್ಕು ಕಸಿದುಕೊಳ್ಳುತ್ತಾರೆ, ಕೆಲವರು ನಗದೆ.

ಕೊನೆಗೆ ನಮ್ಮನ್ನು ಕೊಂಡದ್ದು ಒಂದು ಅಗ್ಗದ ಕಂಪನಿ. ಬಂದವರೇ ನನ್ನ ಮೈಯ ಸ್ಪಂಜು ತೆಗೆದು ತೆಳ್ಳಗೆ ಮಾಡಿದರು, ಸಾಲುಗಳ ನಡುವಿನ ಜಾಗ ಕಡಿಮೆ ಮಾಡಿದರು, ಒರಗುವ ಗುಂಡಿಯನ್ನೇ ಕಿತ್ತರು, ನಂಬರಿನ ತಗಡನ್ನು ಮಾತ್ರ ಮುಟ್ಟಲಿಲ್ಲ. ನೀರಿಗೂ ಕಾಸು. ಜನ ಡಬ್ಬಿಗಳಲ್ಲಿ ಪುಳಿಯೋಗರೆ ತಂದು, ಚಟ್ನಿಪುಡಿಯನ್ನು ಗುರುತಿಲ್ಲದವರಿಗೂ ಹಂಚಿ ತಿನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಊಟದ ವಾಸನೆ ಅಲ್ಲೇ ಚೆನ್ನಾಗಿತ್ತು. ಲಂಡನ್ನಿನಿಂದ ಹೊರಟು, ಕೊಲ್ಲಿಯಲ್ಲಿ ಒಮ್ಮೆ ಇಳಿದು, ಒಂದಷ್ಟು ಜನರನ್ನು ಹತ್ತಿಸಿಕೊಂಡು ಬೆಂಗಳೂರಿಗೆ ಹೋಗುವುದು ನಮ್ಮ ದಾರಿ.

ಆ ದಾರಿಯಲ್ಲಿ ಅವನು ಸಿಕ್ಕ. ಹೊಟ್ಟೆ ಬಂದಿತ್ತು, ಕೂದಲಿಗೆ ಕಪ್ಪು ಬಳಿದಿದ್ದ. ಆದರೆ ದನಿ ಅದೇ. ಈ ಸಲವೂ ನಲವತ್ತಮೂರು ಇ. ಲಂಡನ್ನಿನಲ್ಲಿ ಹತ್ತಿದಾಗಿನಿಂದ ಹಿಂದೆ ಕೂತು ಎಡಬಲದವರ ಕಿವಿ ತಿನ್ನುತ್ತಿದ್ದ. ಮಾರನೆಯ ದಿನ ದಾವಣಗೆರೆಯಲ್ಲಿ ಅವನಿಗೆ 'ನಗರ ರತ್ನ' ಎಂಬ ಬಿರುದು ಕೊಟ್ಟು ಸನ್ಮಾನ ಮಾಡುತ್ತಾರಂತೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಸಾವಿರ ಜನರ ಸಭೆ.

ಕೊಲ್ಲಿಯಲ್ಲಿ ನನ್ನ ಮೇಲಿದ್ದವನು ಇಳಿದ. ದಪ್ಪ ಮೀಸೆಯ ಹೊಸಬನೊಬ್ಬ ಬಂದು ಕೂತ. ಎಲ್ಲರೂ ಚೀಲ ಮೇಲಿಡುವ ಗಡಿಬಿಡಿಯಲ್ಲಿದ್ದಾಗ ಅವನು ಬಗ್ಗಿ, ನನ್ನ ಹೊಟ್ಟೆಯ ಕೆಳಗಿನ ಚೀಲಕ್ಕೆ ಒಂದು ಪೊಟ್ಟಣ ತುರುಕಿದ. ಅಷ್ಟು ಸಣ್ಣದು ಅಷ್ಟು ಭಾರವಿದ್ದರೆ ಅದೇನೆಂದು ನನಗೆ ಗೊತ್ತು. ಚಿನ್ನ.

ಬಳಿಗಾರ ಎದ್ದು ಬಂದ. "ಸಾರ್, ಒಂಚೂರು ಅಡ್ಜಸ್ಟ್ ಮಾಡ್ಕಂತೀರಾ? ನಮ್ ಮನೆಯೋಳಿಗೆ ಉಸಿರಾಟದ ತೊಂದ್ರೆ" ಎಂದು ದಾರಿಯ ಆಚೆ ಬೆರಳು ತೋರಿಸಿದ. ಅಲ್ಲಿ ಕೂತಿದ್ದವನು ಗಡ್ಡದ ಗಂಡಸು. ಬೆರಳು ಸ್ವಲ್ಪ ಪಕ್ಕಕ್ಕೆ ಜರುಗಿತು.

ಮೀಸೆಯವನು ಪೂರ್ತಿ ಕೇಳಲೂ ಇಲ್ಲ. "ಅಯ್ಯೋ, ಅದಕ್ಕೇನ್ ಸಾರ್, ಬನ್ನಿ, ಕೂತ್ಕೊಳ್ಳಿ" ಎಂದು ನಗುನಗುತ್ತಾ ಎದ್ದು ನಲವತ್ತಮೂರು ಇಗೆ ಹೋದ. ನಡುವಿನ ಸೀಟಿಗೆ ನಗುತ್ತಾ ಹೋದವನನ್ನು ನಾನು ನನ್ನ ಜನ್ಮದಲ್ಲಿ ನೋಡಿದ್ದು ಅವನೊಬ್ಬನನ್ನೇ. ಬಳಿಗಾರನಿಗೆ ಅದು ಹೊಳೆಯಲಿಲ್ಲ. ಗೆದ್ದವನಂತೆ ಕೂತ.

ಗಗನಸಖಿ ಬಂದು ಬೋರ್ಡಿಂಗ್ ಪಾಸ್ ಕೇಳಿದಳು. "ಇದು ನನ್ ಸೀಟೇ ಕಣಮ್ಮ. ಎಷ್ಟು ಸಲ ತೋರಿಸ್ಬೇಕು? ಕುಂತೋರನ್ನ ಎಬ್ಬಿಸೋದೇ ನಿಮ್ ಕೆಲ್ಸ ಆತಲ್ಲ" ಎಂದು ಗದರಿದ. ಅವಳು ತಲೆಯಾಡಿಸಿ ಹೋದಳು.

ವಿಮಾನ ಬೆಂಗಳೂರಿನಲ್ಲಿ ಇಳಿಯುವಾಗ ಜೋರಾಗಿ ಕುಲುಕಿತು. ಪೊಟ್ಟಣ ಚೀಲದಿಂದ ಜಾರತೊಡಗಿತು. ಕಾಲ ಬುಡಕ್ಕೆ ಬಿದ್ದಿದ್ದರೆ ಅವನು ನೋಡಿ ಕೂಗುತ್ತಿದ್ದ, ಬಚಾವಾಗುತ್ತಿದ್ದ. ನಾನು ಬಿಡಲಿಲ್ಲ. ಚೀಲದ ಬಾಯಿಗಿದ್ದ ಒಂದು ಹಳೆಯ ಪಟ್ಟಿಯನ್ನು ಬಿಗಿಹಿಡಿದು, ಆ ಪೊಟ್ಟಣವನ್ನು ಹೊಟ್ಟೆಗೆ ಅವುಚಿಕೊಂಡೆ. ಹಾಲಮ್ಮನವರ ಊದಿದ ಕಾಲು ನನ್ನ ಕಣ್ಣ ಮುಂದಿತ್ತು.

ಬಾಗಿಲು ತೆರೆಯಿತು. ಯಾರೂ ಏಳಬಾರದು ಎಂದು ಹೇಳಿದರು. ಇಬ್ಬರು ಕಸ್ಟಮ್ಸ್ ಅಧಿಕಾರಿಗಳು ನೇರ ನನ್ನ ಬಳಿ ಬಂದು ನಿಂತರು. ಯಾರೋ ಮೊದಲೇ ಸುಳಿವು ಕೊಟ್ಟಿದ್ದಿರಬೇಕು.

"ನಲವತ್ತೊಂದು ಸಿ. ಈ ಸೀಟು ನಿಮ್ಮದಾ?"

ಬೇರೆ ಯಾರೇ ಆಗಿದ್ದರೂ ಒಂದು ಕ್ಷಣ ಯೋಚಿಸುತ್ತಿದ್ದರು. ಇವನು ಬಳಿಗಾರ. ಜೀವನವಿಡೀ ಇನ್ನೊಬ್ಬರ ಸೀಟಿನಲ್ಲಿ ಕೂತು, ಎಬ್ಬಿಸಲು ಬಂದವರ ಬಾಯಿ ಮುಚ್ಚಿಸಿದವನು. ಅಭ್ಯಾಸ ಮೊದಲು ಮಾತಾಡಿತು.

"ನಂದೇ. ಲಂಡನ್ನಿಂದ ಇಲ್ಲೇ ಕುಂತಿದೀನಿ. ಯಾರ್ ಬೇಕಾದ್ರೂ ಕೇಳ್ರಿ."

ಅಧಿಕಾರಿ ಬಗ್ಗಿ ನನ್ನ ಹೊಟ್ಟೆಗೆ ಕೈ ಹಾಕಿದರು. ಆಗ ಪಟ್ಟಿ ಸಡಿಲಿಸಿದೆ. ಪೊಟ್ಟಣ ಅವರ ಕೈಗೇ ಬಿತ್ತು.

"ಸಾರ್, ಇದು ನನ್ ಸೀಟಲ್ಲ ಸಾರ್" ಎಂದ. ಆ ಮಾತನ್ನು ಅವನ ಬಾಯಿಂದ ಕೇಳಲು ನಾನು ಎಷ್ಟು ವರ್ಷ ಕಾದಿದ್ದೆ. ಅಧಿಕಾರಿ ಗಗನಸಖಿಯ ಕಡೆ ನೋಡಿದರು. "ನನಗೂ ತಮ್ಮದೇ ಸೀಟು ಅಂದ್ರು ಸರ್" ಎಂದಳು ಅವಳು, ಬಹಳ ವಿನಯದಿಂದ. ಅವನನ್ನು ಓಡಾಡುವ ದಾರಿಯಲ್ಲಿ ಎಲ್ಲರ ಮುಂದೆ ಕರೆದುಕೊಂಡು ಹೋದರು. ಆ ದಿನವೂ ಎಲ್ಲರಿಗಿಂತ ಮೊದಲು ಇಳಿದವನು ಅವನೇ.

ಆಮೇಲೆ ವಿಮಾನಕ್ಕೂ ನಮಗೂ ಮುಪ್ಪು ಬಂತು. ಗುಜರಿಯಲ್ಲಿ ಬಿದ್ದಿದ್ದ ನಮ್ಮನ್ನು ಮೂವರನ್ನೂ ಒಬ್ಬರು ಹೋಟೆಲಿನವರು ಲಾರಿಯಲ್ಲಿ ಹೇರಿಕೊಂಡು ಹೋದರು. ಲಾರಿ ನಿಂತದ್ದು ದಾವಣಗೆರೆಯಲ್ಲಿ. ಬೆಣ್ಣೆದೋಸೆ ಹೋಟೆಲು. ಟೇಬಲಿಗೆ ಕಾಯುವವರು ಕೂರಲಿ ಎಂದು ನಮ್ಮನ್ನು ಬಾಗಿಲ ಹತ್ತಿರ ಹಾಕಿದರು. ನಂಬರಿನ ತಗಡನ್ನು ತಿಕ್ಕಿ ಫಳಫಳ ಹೊಳೆಯಿಸಿದರು.

ಅಲ್ಲಿ ಗಿರಾಕಿಗಳ ಬಾಯಲ್ಲಿ ಮಿಕ್ಕ ಕಥೆ ಕೇಳಿದೆ. ಕಸ್ಟಮ್ಸಿನವರು ವಿಚಾರಿಸಿ, ನಿಜವಾದ ಕಳ್ಳ ಆ ಮೀಸೆಯವನನ್ನು ಹಿಡಿದು ಬಳಿಗಾರನನ್ನು ಬಿಟ್ಟರಂತೆ. ಅಷ್ಟರಲ್ಲಿ ಸಭೆ ಮುಗಿದಿತ್ತು. ಹಾರ ಬಾಡುತ್ತದೆಂದು ಅದನ್ನು ಅವನ ಖಾಲಿ ಕುರ್ಚಿಗೇ ಹಾಕಿ, ಪೇಟ ಇಟ್ಟು ಶಾಲು ಹೊದಿಸಿದರಂತೆ. ನಮ್ಮ ಕುರ್ಚಿ ಕುಲದವನೊಬ್ಬನಿಗೆ ಸನ್ಮಾನವಾಯಿತಲ್ಲ ಎಂದು ನನ್ನ ಮನಸ್ಸು ತುಂಬಿತು. ಇಷ್ಟಾದರೂ ಸಮಾಧಾನವಾಗಲಿಲ್ಲ. ಅವನಿಗೆ ಸಿಕ್ಕ ಶಿಕ್ಷೆ ಮೀಸೆಯವನ ಪಾಪಕ್ಕೆ. ಹಾಲಮ್ಮನವರ ಕಾಲಿನ ಬಾಕಿ ಹಾಗೇ ಇತ್ತು.

ಮೊನ್ನೆ ಭಾನುವಾರ ಅವನು ಬಂದ. ಎ ಮತ್ತು ಬಿ ಮೇಲೆ ಜನ ಇದ್ದರು, ನಾನು ಖಾಲಿ.

"ಬರ್ರಿ ಬಳಿಗಾರ್, ಕುಂತ್ಕಳ್ರಿ. ಒರಿಜಿನಲ್ ವಿಮಾನದ್ದು" ಎಂದರು ಹೋಟೆಲಿನವರು.

ಅವನು ಕೂರಲು ಬಗ್ಗಿ ತಗಡು ನೋಡಿದ. ಬಗ್ಗಿದವನು ಹಾಗೆಯೇ ಎದ್ದ. "ಬ್ಯಾಡ, ನಿಂತ್ಕಂತೀನಿ" ಎಂದು ಗೋಡೆಗೆ ಒರಗಿದ.

ಅಷ್ಟರಲ್ಲಿ ಊರುಗೋಲು ಊರಿಕೊಂಡು ಒಬ್ಬರು ವಯಸ್ಸಾದವರು ಒಳಗೆ ಬಂದರು. ಸೀರೆಯ ಕೆಳಗೆ ಬಿಳಿ ಬೂಟು. ನನ್ನ ಸ್ಪ್ರಿಂಗುಗಳೆಲ್ಲ ಒಮ್ಮೆ ಕಿರುಗುಟ್ಟಿದವು.

"ಕುಂತ್ಕಳ್ರಮ್ಮ" ಎಂದ ಬಳಿಗಾರ, ನನ್ನಿಂದ ಇನ್ನೂ ಒಂದು ಹೆಜ್ಜೆ ದೂರ ಸರಿಯುತ್ತಾ.

ಹಾಲಮ್ಮ ಕರ್ಚೀಫು ತೆಗೆದು ನನ್ನ ಕೈ ಒರೆಸಿದರು. ತಗಡಿನ ಮೇಲೆ ಬೆರಳಾಡಿಸಿ ಓದಿದರು. ಕೂತು ಅವನತ್ತ ತಲೆಯೆತ್ತಿದರು.

"ಎಷ್ಟ್ ಒಳ್ಳೇರಪ್ಪ ನೀವು. ಕೆನಡಾಕ್ಕೆ ಹೋಗೋವಾಗ ನಂದು ಇದೇ ನಂಬರು. ನಮ್ಮೂರಿನೋರೇ ಒಬ್ರು ಹೆಂಡ್ತಿಗೆ ಹುಷಾರಿಲ್ಲ ಅಂತ ಕೇಳಿ ಇಸ್ಕಂಡ್ರು. ಅವತ್ತಿಂದ ಈ ಕಾಲು ಹಿಂಗೆ. ಅವ್ರ ಮುಖ ಮರ್ತೋಗೈತಿ. ಆ ಯಮ್ಮ ಉಳಿದ್ಲೋ ಇಲ್ಲೋ ಅಂತ ಇವತ್ತಿಗೂ ಅನ್ಕಂತಿರ್ತೀನಿ."

ಒಳಗಿನಿಂದ ಮಾಣಿ, "ಬಳಿಗಾರ್, ಒಬ್ರು, ಬರ್ರಿ" ಎಂದು ಕೂಗಿದ. ಬಳಿಗಾರ ಒಳಗೆ ಹೋಗಲಿಲ್ಲ. ಬೀದಿಗಿಳಿದು ಹೋಗಿಬಿಟ್ಟ. ಆ ಬೆನ್ನನ್ನು ನಾನು ಕಣ್ಣು ತುಂಬ ನೋಡಿದೆ. ಅವನನ್ನು ಕ್ಷಮಿಸಿದೆಯಾ ಎಂದು ಕೇಳಬೇಡಿ. ಇಲ್ಲ. ನಾಳೆ ಬಂದರೂ ಈ ತಗಡು ಇಲ್ಲೇ ಹೊಳೆಯುತ್ತಿರುತ್ತದೆ.

"ಎಲ್ಲೋದ್ರು ಅವ್ರು, ಪಾಪ" ಎಂದರು ಹಾಲಮ್ಮ. ಆಮೇಲೆ ಊರುಗೋಲನ್ನು ನನಗೆ ಒರಗಿಸಿ, ಎಡಗಾಲನ್ನು ದಾರಿಗೆ ಅಡ್ಡವಾಗಿ ಪೂರ್ತಿ ಚಾಚಿ ಕೂತರು. ದೋಸೆಯ ತಟ್ಟೆ ಹಿಡಿದು ಬಂದ ಮಾಣಿ ಆ ಕಾಲನ್ನು ನೋಡಿ, ಸುತ್ತಿ ಬಳಸಿ ಹೋದ.