ಕೆರೆಗೋಡಿನ ಮುದ್ದೆ

ಸಿದ್ದಲಕ್ಷ್ಮಮ್ಮನ ಬಲಗೈ ಮಣಿಕಟ್ಟು ಊದಿಕೊಂಡು ನಾಲ್ಕು ತಿಂಗಳಾಗಿತ್ತು. ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದೆ ಆಕೆಯ ಮೆಸ್ಸು. ದಿನಾ ನಲವತ್ತು ಜನಕ್ಕೆ ಮುದ್ದೆ ಆಗಬೇಕು. ನಾಟಿ ವೈದ್ಯ ಎಣ್ಣೆ ಕೊಟ್ಟ, ಡಾಕ್ಟರು ಮಾತ್ರೆ ಕೊಟ್ಟರು, ಉಣ್ಣಲು ಬಂದವರು ಪುಕ್ಕಟೆ ಸಲಹೆ ಕೊಟ್ಟರು. ಹಿಟ್ಟು ತಿರುವಲು ಮಾತ್ರ ಒಬ್ಬರೂ ಮುಂದೆ ಬರಲಿಲ್ಲ.

"ಯುಗಾದಿಗೆ ಬಾಗಿಲು ಹಾಕ್ತೀನಿ ಕಣ್ಲಾ. ಚೇಳೂರಿಗೆ ಹೋಗಿ ಅತ್ತಿಗೆ ಮನೇಲಿ ಬಿದ್ದಿರ್ತೀನಿ" ಅಂದಳು ಮಗ ಜುಂಜಪ್ಪನಿಗೆ.

ಆ ಅತ್ತಿಗೆ ಒಂದು ಲೋಟ ಮಜ್ಜಿಗೆ ಕೊಟ್ಟರೂ ಮೂರು ವರ್ಷ ನೆನಪಿಸುವ ಹೆಂಗಸು. ಅವತ್ತಿನಿಂದ ಜುಂಜಪ್ಪನಿಗೆ ನಿದ್ದೆ ಹತ್ತಲಿಲ್ಲ. ಅವನಿಗೆ ಮೊದಲೇ ನಿದ್ದೆ ಕಡಿಮೆ. ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವ ಪೈಕಿ. ಹಗಲು ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೆಲಸ, ಸಂಜೆ ತುಮಕೂರು ಬಸ್ಸು ಹಿಡಿದು ಡಿಪ್ಲೊಮಾ ಕ್ಲಾಸು. ಎಂಬತ್ಮೂರನೇ ಇಸವಿಯ ಆ ಫೆಬ್ರವರಿಯಲ್ಲಿ ಕಾಲೇಜಿನ ಬೋರ್ಡಿಗೆ ನೋಟೀಸು ಬಿತ್ತು: ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಿದ ಹೊಸ ಸಾಧನಗಳ ಸ್ಪರ್ಧೆ.

"ಮುದ್ದೆ ತಿರುವೋ ಮಿಷಿನ್ನು" ಅಂದ ಜುಂಜಪ್ಪ, ಪಕ್ಕದ ಬೆಂಚಿನ ನಯಾಜ್ ಅಹಮದನಿಗೆ.

ನಯಾಜ್ ಕುಣಿಗಲ್ಲಿನವನು, ಅವನಪ್ಪನದು ವೆಲ್ಡಿಂಗ್ ಅಂಗಡಿ. "ನುಂಗೋದಕ್ಕೂ ಒಂದು ಮಿಷಿನ್ ಮಾಡಾಣ ಬುಡು, ಜನ ಆರಾಮಾಗಿ ಮಲಗ್ಲಿ" ಎಂದವನು, ಮಾರನೆಯ ದಿನವೇ ಗುಜರಿಯಿಂದ ಎರಡು ಗೇರು ತಂದ. ಕಬ್ಬಿಣದ ಸ್ಟ್ಯಾಂಡು, ನಡುವೆ ಪಾತ್ರೆ, ಒಳಗೆ ಅಗಲವಾದ ಸೌಟು, ಪಕ್ಕದಲ್ಲೊಂದು ಹಿಡಿ. ಹಿಡಿ ತಿರುಗಿಸಿದರೆ ಸೌಟು ತಿರುಗುತ್ತದೆ. ಎಡಗೈಯಲ್ಲೂ ತಿರುಗಿಸಬಹುದು. ಜುಂಜಪ್ಪ ಅದೊಂದನ್ನು ಮಾತ್ರ ಹಟ ಹಿಡಿದು ಮಾಡಿಸಿದ್ದ.

ಪರೀಕ್ಷೆ ಮಾಡಲು ಹಿಟ್ಟು ಬೇಕಲ್ಲ? ಅಮ್ಮನನ್ನು ಕೇಳಿದರೆ ಗುಟ್ಟು ಬಯಲು. ಅಲ್ಲದೆ ಉಣ್ಣುವ ಹಿಟ್ಟನ್ನು ಆಟಕ್ಕೆ ಸುರಿಯುವುದು ಅವನ ಮನಸ್ಸಿಗೆ ಪಾಪವೆನಿಸಿತು. ಯೋಚಿಸಿ ಯೋಚಿಸಿ, ಕಡಬದ ಕೆರೆಯಿಂದ ಎರಡು ಚೀಲ ಗೋಡು ಹೊತ್ತು ತಂದ. ಕೆರೆಯ ತಳದ ಆ ನುಣ್ಣನೆ ಕಪ್ಪು ಮಣ್ಣು ಬಣ್ಣದಲ್ಲೂ ಅಂಟಿನಲ್ಲೂ ಥೇಟ್ ರಾಗಿಹಿಟ್ಟೇ. ನಯಾಜ್ ಪಾತ್ರೆಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಕೂರುತ್ತಿದ್ದ, ಜುಂಜಪ್ಪ ತಿರುಗಿಸುತ್ತಿದ್ದ. ಒಂದು ತಿಂಗಳಲ್ಲಿ ನೂರಾ ಹನ್ನೆರಡು ಗೋಡಿನ ಮುದ್ದೆ. ಒಂದರಲ್ಲೂ ಗಂಟಿಲ್ಲ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಹುಟ್ಟಿದಾಗಿನಿಂದ ದಿನಕ್ಕೆರಡು ಮುದ್ದೆ ನುಂಗಿದ ಈ ಪುಣ್ಯಾತ್ಮ, ಅಮ್ಮ ಅದನ್ನು ಹೇಗೆ ಮಾಡುತ್ತಾಳೆಂದು ಒಂದು ದಿನವೂ ಒಲೆಯ ಮುಂದೆ ನಿಂತು ನೋಡಿರಲಿಲ್ಲ.

ಸ್ಪರ್ಧೆಯ ದಿನ ಕಾಲೇಜಿನ ಅಂಗಳದಲ್ಲಿ ಶಾಮಿಯಾನ. ತೀರ್ಪುಗಾರರು ಸದಾಶಿವನಗರದ ನಿವೃತ್ತ ಎಂಜಿನಿಯರು ವೆಂಕಟೇಶಯ್ಯನವರು. ಹಾಕಿದ ಹಾರವನ್ನು ಕೊನೆತನಕ ತೆಗೆಯದ ಗಣ್ಯರು. ಗುಂಡಿ ಒತ್ತಿದರೆ ದೇವರ ಫೋಟೋ ಮೇಲೆ ಹೂ ಉದುರುವ ಪೆಟ್ಟಿಗೆಯೊಂದಿತ್ತು. ಅವರು ಒತ್ತಿದರು, ಹೂವೆಲ್ಲ ಅವರ ಬೋಳುತಲೆಗೇ ಬಿತ್ತು. ತುಂಬಾ ಖುಷಿಪಟ್ಟರು. ತುಳಿದರೆ ಗಾಳಿ ಬೀಸುವ ಸೈಕಲ್ ಫ್ಯಾನು ಇನ್ನೊಂದು. ತುಳಿದವನು ಬೆವೆತಷ್ಟು ಗಾಳಿ ಬರುತ್ತಿರಲಿಲ್ಲ.

ಜುಂಜಪ್ಪ ಬಕೆಟ್ಟಿನಿಂದ ಗೋಡು ತೆಗೆಯುವಷ್ಟರಲ್ಲಿ ವೆಂಕಟೇಶಯ್ಯನವರು ಕೈ ಅಡ್ಡ ಹಿಡಿದರು.

"ಏನಪ್ಪಾ ಇದು? ಮುದ್ದೆ ಮಿಷಿನ್ ಅಂದಮೇಲೆ ಮುದ್ದೆ ಮಾಡು."

ಕ್ಯಾಂಟೀನಿನಿಂದ ಸೀಮೆಎಣ್ಣೆ ಸ್ಟವ್ವು ಬಂತು, ರಾಗಿಹಿಟ್ಟು ಬಂತು. ನೀರು ಕುದಿಯಿತು. ಜುಂಜಪ್ಪ ಪಾತ್ರೆಗೆ ಹಿಟ್ಟು ಸುರಿದು ಪಿಸುಗುಟ್ಟಿದ: "ನಯಾಜ್, ಬಾರೋ, ಮೊಣಕಾಲಲ್ಲಿ ಹಿಡ್ಕೊ."

"ಉರೀತಿರೋ ಸ್ಟವ್ ಮೇಲಾ? ನನಗಿನ್ನೂ ಮದುವೆ ಆಗಿಲ್ಲ ಕಣೋ!"

ವಿಧಿಯಿಲ್ಲದೆ ಜುಂಜಪ್ಪ ಹಿಡಿ ತಿರುಗಿಸಿದ. ಸೌಟು ತಿರುಗಿತು. ಸೌಟಿನ ಜತೆ ಪಾತ್ರೆಯೂ ತಿರುಗಿತು. ಗಾಬರಿಯಲ್ಲಿ ಇನ್ನೂ ಜೋರಾಗಿ ತಿರುಗಿಸಿದ. ಅರೆಬೆಂದ ಹಿಟ್ಟಿನ ಉಂಡೆಯೊಂದು ಚಿಮ್ಮಿ ವೆಂಕಟೇಶಯ್ಯನವರ ಹಾರದ ಮಧ್ಯೆ ಪದಕದ ಹಾಗೆ ಕೂತಿತು.

ಜನ ಬಿದ್ದು ಬಿದ್ದು ನಕ್ಕರು. ಜುಂಜಪ್ಪನ ಕಣ್ಣೆದುರಿಗೆ ಚೇಳೂರಿನ ಬಸ್ಸು ಬಂದು ನಿಂತ ಹಾಗಾಯಿತು.

"ಥೂ, ಆ ಕಡೆ ಸರಿಲಾ!"

ಮಗ ಏನೋ ತೋರಿಸುತ್ತಾನೆಂದು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಸಿದ್ದಲಕ್ಷ್ಮಮ್ಮ ಸೆರಗು ಸಿಕ್ಕಿಸಿ ಬಂದಳು. "ಹಿಟ್ಟು ಬೇಯೋಕೇ ಬುಡದೆ ತಿರುವ್ತಾ ಇದೀಯಲ್ಲೋ! ಪಾತ್ರೆ ಯಾರ್ಲಾ ಹಿಡ್ಕೊಳ್ಳೋರು, ನಿಮ್ಮ ಮೇಷ್ಟ್ರಾ?"

ಹಾಳಾದದ್ದನ್ನು ಚೆಲ್ಲಿ ಮತ್ತೆ ನೀರಿಟ್ಟಳು. ಹಿಟ್ಟನ್ನು ಗುಡ್ಡೆ ಹಾಕಿ, ನಡುವೆ ಕೋಲಿನಿಂದ ತೂತು ಮಾಡಿ, ಬೇಯಲು ಬಿಟ್ಟಳು. ಕ್ಯಾಂಟೀನಿನ ಬಟ್ಟೆ ಒಣಹಾಕುವ ಹಗ್ಗಕ್ಕೆ ಆನಿಸಿದ್ದ, ತುದಿ ಕವಲಾದ ಕವೆಯ ಕೋಲನ್ನು ಕಿತ್ತು ತಂದು, ಅದರ ಕವೆಗೆ ಪಾತ್ರೆಯ ಕಂಠ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಾಲಲ್ಲಿ ಮೆಟ್ಟಿ ಕೂತಳು. ಆಮೇಲೆ ಎಡಗೈಯಲ್ಲಿ ಹಿಡಿ ತಿರುಗಿಸಿದಳು.

ಪಾತ್ರೆ ಮಿಸುಕಲಿಲ್ಲ. ಸೌಟು ಮಾತ್ರ ಗರಗರ ತಿರುಗಿತು. ಆಕೆ ನಿಲ್ಲಿಸಿ ಮಗನ ಮುಖ ನೋಡಿದಳು, ತನ್ನ ಎಡಗೈ ನೋಡಿಕೊಂಡಳು, ಮತ್ತೆ ತಿರುಗಿಸಿದಳು.

ಮುದ್ದೆ ನುಣ್ಣಗೆ ಹೊಳೆಯುತ್ತ ತಟ್ಟೆಗೆ ಬಂತು. ಕ್ಯಾಂಟೀನಿನ ಸಾರಿನ ಜತೆ ವೆಂಕಟೇಶಯ್ಯನವರು ಒಂದು ತುತ್ತು ನುಂಗಿ ಕಣ್ಣು ಮುಚ್ಚಿದರು. "ಆಹಾ! ಮಿಷಿನ್ ಮುದ್ದೇಲೂ ನಮ್ಮ ಮಣ್ಣಿನ ಘಮ ಇದೆ ಕಣ್ರೀ. ಇದಕ್ಕೇ ಮೊದಲನೇ ಬಹುಮಾನ!"

ಜುಂಜಪ್ಪ ಒಂದು ಹೆಜ್ಜೆ ಮುಂದೆ ಬಂದ. ನಯಾಜ್ ಅವನ ಕಾಲು ತುಳಿದ. ಪ್ರಯೋಜನವಾಗಲಿಲ್ಲ.

"ಸಾರ್, ಅದು... ಕಡಬದ ಕೆರೆ ಗೋಡು ಸಾರ್. ಪಾತ್ರೆ ಐದು ಸಲ ತೊಳೆದಿದ್ದೆ. ಸೌಟಿನ ಸಂದೀಲಿ ಉಳ್ಕೊಂಡಿರಬೇಕು."

ವೆಂಕಟೇಶಯ್ಯನವರ ಎರಡನೇ ತುತ್ತು ಗಂಟಲಲ್ಲೇ ನಿಂತಿತು.

"ಮಣ್ಣು ತಾನೇ, ನುಂಗಿ ಸಾಮಿ" ಅಂದಳು ಸಿದ್ದಲಕ್ಷ್ಮಮ್ಮ. "ಆ ಕೆರೆ ನೀರು ಕುಡಿದೇ ನಾನು ಬೆಳೆದಿರೋದು."

ಮೊದಲ ಬಹುಮಾನ ದೇವರ ಪೆಟ್ಟಿಗೆಗೆ ಹೋಯಿತು. ಮುದ್ದೆ ಮಿಷಿನ್ನಿಗೆ ಸಮಾಧಾನಕರ ಪತ್ರವೂ ಇಲ್ಲ. ನಯಾಜ್ ಬಸ್ ಸ್ಟ್ಯಾಂಡಿನವರೆಗೂ ಬೈದ: "ಸತ್ಯವಂತ! ಒಂದು ಗಂಟೆ ತಡೆದು ಹೇಳಿದ್ರೆ ಸತ್ಯ ಹಳಸ್ತಿತ್ತೇನೋ?"

ಜುಂಜಪ್ಪ ಗುಬ್ಬಿ ಬಸ್ಸಿನ ಟಾಪಿನ ಮೇಲೆ ಮಿಷಿನ್ ಏರಿಸಿ, ಹಗ್ಗ ಬಿಗಿದು, ಇಳಿದು, ಮತ್ತೆ ಹತ್ತಿ ಗಂಟು ನೋಡಿ ಬಂದ. ಅಮ್ಮನ ಪಕ್ಕ ಕೂತು ಧೈರ್ಯ ಮಾಡಿ ಕೇಳಿದ.

"ಅಮ್ಮ, ಯುಗಾದಿಗೆ ಚೇಳೂರಿಗೆ ಹೋಗ್ತೀಯಾ?"

ಸಿದ್ದಲಕ್ಷ್ಮಮ್ಮ ಕವೆಯ ಕೋಲನ್ನು ಬಸ್ಸಿನೊಳಕ್ಕೇ ತಂದಿದ್ದಳು. ಹಿಂತಿರುಗಿಸಿ ಎಂದು ಕೇಳುವ ಧೈರ್ಯ ಕಾಲೇಜಿನಲ್ಲಿ ಯಾರಿಗೂ ಬಂದಿರಲಿಲ್ಲ.

"ನಾನ್ಯಾಕ್ಲಾ ಹೋಗ್ಲಿ? ಅತ್ತಿಗೇನೇ ಇಲ್ಲಿಗೆ ಕರೆಸ್ತೀನಿ. ಹಿಡಿ ತಿರುಗಿಸ್ಲಿ."